ಬಿಸಿಲಿಗೆ ಇಡಬೇಕಾದ ಔಷಧ

ಗುಂಡೇರಾವ್ ಕಾಕಾ ಮೂವತ್ತು ವರ್ಷ ಫ್ರಿಜ್ ರಿಪೇರಿ ಮಾಡಿದವರು. ಅವರ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಜೇವರ್ಗಿ ಕಾಲೋನಿಯಲ್ಲಿ ಎಡಬಲದ ಮನೆಯವರು ಎರಡು ಬಾಗಿಲಿನ ಫ್ರಿಜ್ಜನ್ನು ಬಂದವರಿಗೆ ಕಾಣಲೆಂದು ಪಡಸಾಲೆಯಲ್ಲೇ ನಿಲ್ಲಿಸಿಕೊಂಡಿದ್ದರೆ, ಇವರ ಮನೆಯಲ್ಲಿ ಏಪ್ರಿಲ್ ಬಂತೆಂದರೆ ಹಾಲನ್ನು ದಿನಕ್ಕೆ ಮೂರು ಸಲ ಕಾಯಿಸುತ್ತಿದ್ದರು. ಕಾಯಿಸುವ ಕೆಲಸ ಅವರದಲ್ಲ, ಅವರ ಹೆಂಡತಿಯದು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ತತ್ವ ಗಂಡಸಿನದಾದರೆ ಪಾತ್ರೆ ತಿಕ್ಕುವ ಪಾಲು ಸಾಮಾನ್ಯವಾಗಿ ಇನ್ನೊಬ್ಬರಿಗೆ ಬರುತ್ತದೆ.

"ಪೊಲೀಸರಿಗೆ ಕಳ್ಳರ ಮ್ಯಾಲ ಎಷ್ಟು ಭರೋಸಾ ಇರ್ತದ ಹೇಳ್ರಿ? ನನಗ ಫ್ರಿಜ್ಜಿನ ಮ್ಯಾಲ ಅಷ್ಟಽ ಅದ" ಎನ್ನುತ್ತಿದ್ದರು.

ಅವರು ರಿಪೇರಿ ಮಾಡಿದ್ದು ಮನೆಗಳ ಫ್ರಿಜ್‌ಗಳನ್ನಲ್ಲ. ಹಳ್ಳಿಯ ದವಾಖಾನೆಗಳಲ್ಲಿ, ಪಶು ಆಸ್ಪತ್ರೆಗಳಲ್ಲಿ ಲಸಿಕೆ ಇಡುವ ಫ್ರಿಜ್‌ಗಳನ್ನು. ಬಸ್ಸಿನಲ್ಲಿ, ಕೆಲವೊಮ್ಮೆ ಯಾರದೋ ಬೈಕಿನ ಹಿಂದೆ, ತೊಡೆಯ ಮೇಲೆ ಹತಾರಗಳ ಚೀಲ ಇಟ್ಟುಕೊಂಡು ಸುತ್ತಿದವರು. ಎಂಥ ಊರಿಗೆ ಹೋದರೂ ಅವರು ಮೊದಲು ಫ್ರಿಜ್ಜಿನ ಬಾಗಿಲು ತೆರೆಯುತ್ತಿರಲಿಲ್ಲ. ಬಾಗಿಲ ಮೇಲೆ ಅಂಟಿಸಿದ ಕಾಗದವನ್ನು ನೋಡುತ್ತಿದ್ದರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಒಳಗಿನ ತಾಪ ನೋಡಿ ಅದರಲ್ಲಿ ಬರೆಯಬೇಕೆಂಬುದು ನಿಯಮ. "ಇಡೀ ತಿಂಗಳು ನಾಲ್ಕು, ನಾಲ್ಕು, ನಾಲ್ಕು. ಒಂದಽ ಪೆನ್ನು, ಒಂದಽ ಕೈ, ಒಂದಽ ಸಲಕ್ಕ ಕೂತು ಬರದದ್ದು. ನಡುವ ಎಂಟು ದಿನ ಕರೆಂಟಿಲ್ಲ, ಊರಿಗೆ ಊರಽ ಕತ್ತಲಿ. ಆದ್ರೂ ಫ್ರಿಜ್ಜಿನ್ಯಾಗ ನಾಲ್ಕು ಡಿಗ್ರಿ. ಏನ್ ದೈವಭಕ್ತಿ ಇರಬೇಕ್ರೀ ಆ ಫ್ರಿಜ್ಜಿಗೆ."

ಬಾಗಿಲು ತೆರೆದರೆ ಒಳಗೆ ಲಸಿಕೆಯ ಜೊತೆ ಮೊಸರಿನ ಡಬ್ಬಿ, ಮಲ್ಲಿಗೆಯ ಮಾಲೆ, ಒಮ್ಮೆ ಯಾರದೋ ಮದುವೆಯ ಕೇಕು. ಈ ಪಟ್ಟಿಯನ್ನು ಅವರು ಊಟದ ಹೊತ್ತಿಗೆ ಒಪ್ಪಿಸುತ್ತಿದ್ದರು. ಕೇಳುವವರು ನಗುತ್ತಿದ್ದರು. ಅವರು ನಗುತ್ತಿರಲಿಲ್ಲ. ಸತ್ತ ಲಸಿಕೆ ನೋಡುವುದಕ್ಕೆ ಜೀವಂತ ಲಸಿಕೆಯಂತೆಯೇ ಇರುತ್ತದೆ. ಅದೇ ಸೀಸೆ, ಅದೇ ಬಣ್ಣ. ಹಾಕಿಸಿಕೊಂಡವರಿಗೆ ತಾವು ಏನನ್ನು ಹಾಕಿಸಿಕೊಂಡಿಲ್ಲ ಎಂಬುದು ರೋಗ ಬಂದ ಮೇಲಷ್ಟೇ ಗೊತ್ತಾಗುತ್ತದೆ.

ನಾನು ಅವರನ್ನು ಕಂಡದ್ದು ಕೋಟನೂರ ಕಡೆಯ ಒಂದು ಸಣ್ಣ ಪ್ರಯೋಗಾಲಯದಲ್ಲಿ. ಹೆಸರು ಬೇಡ. ಹಿಂದೆ ತೊಗರಿಬೇಳೆಯ ಮಿಲ್ಲಾಗಿದ್ದ ಕಟ್ಟಡ. ಮಳೆ ಬಿದ್ದ ದಿನ ಗೋಡೆಗಳಿಂದ ಇನ್ನೂ ಹೊಟ್ಟಿನ ವಾಸನೆ ಬರುತ್ತಿತ್ತು. ಎಂ.ಎಸ್ಸಿ. ಮುಗಿಸಿ ಆ ವರ್ಷವಷ್ಟೇ ಅಲ್ಲಿ ಸೇರಿದ್ದೆ. ಅಲ್ಲಿ ನಾವು ಮಾಡಲು ಹೊರಟಿದ್ದು ಹಿತ್ತಲ ಕೋಳಿಗಳ ಕೊಕ್ಕರೆ ರೋಗಕ್ಕೆ ಒಂದು ಲಸಿಕೆ. ಬೇಸಿಗೆಯಲ್ಲಿ ಆ ರೋಗ ಬಂದರೆ ಒಂದು ಓಣಿಯ ಕೋಳಿಗಳೆಲ್ಲ ಒಂದು ವಾರದಲ್ಲಿ ಕುತ್ತಿಗೆ ತಿರುಚಿಕೊಂಡು ಸಾಯುತ್ತವೆ. ಲಸಿಕೆ ಇಲ್ಲವೆಂದಲ್ಲ, ಇದೆ. ಒಣಗಿಸಿ ಪುಡಿ ಮಾಡಿದ್ದೂ ಇದೆ. ಆದರೆ ಅದನ್ನೂ ತಂಪಿನಲ್ಲೇ ಇಡಬೇಕು. ಹತ್ತು ಕೋಳಿ ಸಾಕಿದ ಹೆಂಗಸಿಗಾಗಿ ಯಾರೂ ಹಳ್ಳಿಯವರೆಗೆ ಮಂಜುಗಡ್ಡೆ ಹೊತ್ತು ತರುವುದಿಲ್ಲ. ನಮಗೆ ಬೇಕಾಗಿದ್ದುದು ಫ್ರಿಜ್ಜನ್ನೇ ಕಾಣದ ಸೀಸೆ.

ಒಣಗಿಸುವ ಯಂತ್ರ ನಡೆಸುವವರು ಗುಂಡೇರಾವ್ ಕಾಕಾ. ಹಣೆಯ ಮೇಲೆ ಬೆಳಿಗ್ಗೆ ನೇರವಾಗಿದ್ದ ಅಂಗಾರದ ಗೆರೆ ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಹರಡಿ ಒಂದು ಕರಿ ಮೋಡದಂತಾಗಿರುತ್ತಿತ್ತು. ಮೊದಲ ದಿನ ಅವರನ್ನು ಸರ್ ಎಂದೆ. "ಸರ್ ಒಳಗ ಎ.ಸಿ. ಕೋಣ್ಯಾಗ ಅದಾರ. ನಾನು ಮೆಕ್ಯಾನಿಕ್" ಎಂದರು. ಅಲ್ಲಿಂದ ಕಾಕಾ ಎಂದೆ. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಎಮ್ಮೆಸ್ಸಿ" ಎನ್ನುತ್ತಿದ್ದರು, ಕೊನೆಗೆ ಒಂದು ರೀ ಹಚ್ಚಿ. ಬೈಗುಳದ ಹಿಂದೆಯೂ ಅವರ ರೀ ತಪ್ಪುತ್ತಿರಲಿಲ್ಲ. ಆದ್ದರಿಂದ ಬೈಗುಳ ಇನ್ನೂ ಆಳಕ್ಕೆ ಇಳಿಯುತ್ತಿತ್ತು.

ಜನರ ಜೊತೆ ಕನ್ನಡ, ಯಂತ್ರದ ಜೊತೆ ಮರಾಠಿ. ಪಂಪು ಹಠ ಹಿಡಿದಾಗ ಮಗುವನ್ನು ರಮಿಸುವಂತೆ ಅದರ ಬೆನ್ನು ತಟ್ಟಿ "ಚಲ ಬಾಳಾ, ಚಲ" ಎನ್ನುವಾಗಿನ ಆ ಧ್ವನಿ ಮನುಷ್ಯರಾದ ನಮಗೆ ಒಮ್ಮೆಯೂ ಸಿಗಲಿಲ್ಲ.

ಕೆಲಸ ಹೀಗೆ: ದ್ರವ ಲಸಿಕೆಗೆ ಸಕ್ಕರೆ ಬೆರೆಸಿ, ಹೆಬ್ಬೆರಳಿನಷ್ಟು ಸೀಸೆಗಳಲ್ಲಿ ತುಂಬಿ, ಯಂತ್ರದ ತಟ್ಟೆಗಳ ಮೇಲೆ ಸಾಲಾಗಿ ಇಟ್ಟು ಕಲ್ಲಿನಂತೆ ಹೆಪ್ಪುಗಟ್ಟಿಸಬೇಕು. ಆಮೇಲೆ ಯಂತ್ರದೊಳಗಿನ ಗಾಳಿಯನ್ನು ಪಂಪಿನಿಂದ ಎಳೆದುಬಿಡಬೇಕು. ಆಗ ಮಂಜು ನೀರಾಗದೆ ನೇರ ಆವಿಯಾಗಿ ಹೋಗುತ್ತದೆ. ಸೀಸೆಯ ತಳದಲ್ಲಿ ಬಿಳಿಯ ಹಗುರ ಬಿಲ್ಲೆಯೊಂದು ಉಳಿಯುತ್ತದೆ. ವೈರಾಣು ಅದರೊಳಗೆ, ಸಕ್ಕರೆಯ ಹಿಡಿತದಲ್ಲಿ, ಅಲುಗದೆ ಕುಳಿತಿರುತ್ತದೆ. ನೀರು ಹಾಕಿದಾಗ ಏಳುತ್ತದೆ.

ನನ್ನ ಮೊದಲ ಸರದಿಯಲ್ಲಿ, ಹೆಪ್ಪುಗಟ್ಟುವುದು ಪೂರ್ತಿಯಾಗುವ ಮೊದಲೇ ಪಂಪು ಚಾಲೂ ಮಾಡಿದೆ. ಅರ್ಧ ತಾಸು ಉಳಿಸುವ ಆಸೆ. ಸೀಸೆಗಳೊಳಗಿನ ದ್ರವವೆಲ್ಲ ಹಾಲು ಉಕ್ಕಿದಂತೆ ಉಕ್ಕಿ ರಬ್ಬರ್ ಬಿರಡೆಗೆ ಅಂಟಿತು. ಕಾಕಾ ಗಾಜಿನ ಬಾಗಿಲಿನಾಚೆ ಟಾರ್ಚ್ ಬಿಟ್ಟು ಒಂದೊಂದು ಸಾಲನ್ನೂ ನಿಧಾನವಾಗಿ ನೋಡಿದರು.

"ಎಮ್ಮೆಸ್ಸಿ ಪರೀಕ್ಷಾದಾಗ ಅವಸರಕ್ಕ ಎಷ್ಟು ಮಾರ್ಕ್ಸ್ ಇಟ್ಟಾರ್ರೀ?"

ಟಾರ್ಚ್ ಆರಿಸಿ ಜೇಬಿಗೆ ಹಾಕಿಕೊಂಡರು.

"ಪೂರಾ ಬಂದಿರಬೇಕು ನಿಮಗ."

ಅದರಲ್ಲಿ ಒಂದು ಸೀಸೆ ಎತ್ತಿ ನನ್ನ ಮೇಜಿನ ಮೇಲೆ ಇಟ್ಟರು. ತೆಗೆಯಬಾರದೆಂದು ಹೇಳಲಿಲ್ಲ. ನಾನೂ ತೆಗೆಯಲಿಲ್ಲ. ಒಂದು ಮಳೆಗಾಲವಿಡೀ ಅದನ್ನು ನೋಡಿಕೊಂಡೇ ಊಟ ಮಾಡಿದೆ. ಇದನ್ನು ಕಲಿಸುವಿಕೆ ಎನ್ನುವವರಿದ್ದಾರೆ. ನನಗೆ ಆಗ ಹಾಗನ್ನಿಸಲಿಲ್ಲ. ಶುದ್ಧ ದುಷ್ಟತನ ಅನ್ನಿಸಿತ್ತು. ಎರಡೂ ಆಗಿರಬಹುದು.

ನಮ್ಮ ನಿರ್ದೇಶಕರು ಇನ್ನೊಂದು ಬಗೆಯವರು. ಬಿಳಿ ಕೋಟನ್ನು ಫೋಟೋ ಇದ್ದ ದಿನ ಮಾತ್ರ ತೊಡುತ್ತಿದ್ದರು. ಯಾವ ಫೋಟೋ ನೋಡಿದರೂ ಅದರ ಮಡಿಕೆಯ ಗೆರೆಗಳನ್ನು ಎಣಿಸಬಹುದು. ಹಣ ಕೊಡುವ ಸಂಸ್ಥೆಯವರು ನೋಡಲು ಬಂದಾಗ ಯಂತ್ರದ ಮುಂದೆ ನಿಂತು ಹೇಳುವುದು ಯಾವಾಗಲೂ ಒಂದೇ: "ನಮ್ಮ ಅಜ್ಜಿಯರು ಮಾಳಿಗೆಯ ಮೇಲೆ ಸಂಡಿಗೆ ಒಣಗಿಸುತ್ತಿರಲಿಲ್ಲವೇ? ಇದೂ ಅಷ್ಟೇ. ನಮ್ಮ ಪರಂಪರೆಯಲ್ಲೇ ಇತ್ತು." ಬಂದವರು ಅದನ್ನು ಬರೆದುಕೊಳ್ಳುತ್ತಿದ್ದರು.

ಒಮ್ಮೆ ಕಾಕಾ ಹಿಂದೆ ನಿಂತು ಕೈಯ ಎಣ್ಣೆ ಒರೆಸಿಕೊಳ್ಳುತ್ತಿದ್ದರು. "ಸಂಡಿಗಿ ಒಣಗಿದ ಮ್ಯಾಲ ಅದಕ್ಕ ಎಣ್ಣ್ಯಾಗ ಬೀಳೂದಷ್ಟಽ ಕೆಲಸ. ಇದು ಒಣಗಿದ ಮ್ಯಾಲೂ ಬದುಕಿರಬೇಕು. ನಿಮ್ಮ ಅಜ್ಜಿ ಸಂಡಿಗಿ ಬದುಕಿತ್ತೇನ್ರೀ ಸಾಹೇಬ್ರ?"

ಬಂದವರು ಅದನ್ನೂ ಬರೆದುಕೊಂಡರೋ ಏನೋ. ನಿರ್ದೇಶಕರು ನಕ್ಕರು. ಇಂಥ ನಗೆಯ ಲೆಕ್ಕ ಆಮೇಲೆ ಚುಕ್ತಾ ಆಗುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಕಾಕಾ ಅವರಿಗೂ. ಆದರೆ ಅವರಿಗೆ ಉಳಿದದ್ದು ಹೆಚ್ಚೆಂದರೆ ಒಂದು ವರ್ಷ. ಅರವತ್ತು ತುಂಬಿದವರನ್ನು ಅಲ್ಲಿ ಇಟ್ಟುಕೊಳ್ಳುವುದಿಲ್ಲ. ಬರುವ ಜೂನ್‌ಗೆ ಅವರ ನೌಕರಿ ಮುಗಿಯುವುದಿತ್ತು. ಅವರಿಗೆ ಬೇಕಾಗಿದ್ದುದು ಒಂದೇ, ಅದನ್ನು ಮುಚ್ಚಿಟ್ಟವರೂ ಅಲ್ಲ: "ನಮ್ಮ ಬ್ಯಾಸಗಿ ಕಂಡು ಬದುಕಿ ಬಂದ ಸೀಸೆ ಕಣ್ಣಿಲೆ ನೋಡಿ ಮನಿಗೆ ಹೋಗ್ತೇನ್ರೀ. ಮೂವತ್ತು ವರ್ಷ ಆ ಸುಡಗಾಡ ಫ್ರಿಜ್ ಕಾಯ್ದದ್ದಕ್ಕ ಅಷ್ಟು ಸಾಕು."

ಆ ಪರೀಕ್ಷೆಗೆ ಆರಿಸಿದ್ದು ಕಮಲಾಪುರ. ಅಲ್ಲಿ ಶಾಂತಮ್ಮ ಎಂಬವರಿದ್ದರು. ಐವತ್ತರ ಆಸುಪಾಸು, ಕೆಂಪು ಬಾಳೆಯ ತೋಟಕ್ಕೆ ಹತ್ತಿದ ಮನೆ, ಇಪ್ಪತ್ತು ಮೂವತ್ತು ಕೋಳಿ. ಓಣಿಯ ಕೋಳಿಗಳಿಗೆಲ್ಲ ಅವರೇ ಲಸಿಕೆಯ ಹನಿ ಹಾಕುವವರು. ಮನೆಗೆ ಹತ್ತಿಕೊಂಡು ತಗಡಿನ ಮಾಡಿನ ಒಂದು ಕೋಣೆಯಿತ್ತು. ಮಧ್ಯಾಹ್ನ ಅದರೊಳಗೆ ಹೋದವರು ಮಾತು ಅರ್ಧಕ್ಕೆ ಬಿಟ್ಟು ಹೊರಗೆ ಬರುತ್ತಿದ್ದರು. ಹೋಳಿ ಹುಣ್ಣಿಮೆಯಿಂದ ಜೂನಿನ ಮಿರಗದ ಮಳೆಯವರೆಗೆ, ಸುಮಾರು ಮೂರು ತಿಂಗಳು, ನಮ್ಮ ಸೀಸೆಗಳ ಡಬ್ಬಿ ಆ ಕೋಣೆಯಲ್ಲಿ ಬೇಯಬೇಕು. ಅಷ್ಟೇ ಸೀಸೆಗಳನ್ನು ನಮ್ಮ ಫ್ರಿಜ್ಜಿನಲ್ಲಿ ಇಟ್ಟು ಕೊನೆಗೆ ಹೋಲಿಸಿ ನೋಡಬೇಕು.

ಡಬ್ಬಿ ಒಪ್ಪಿಸಲು ನಾವು ನಾಲ್ವರು ಹೊರಟಾಗ ಕಾಕಾ ಬರಲಿಲ್ಲ. "ಒಂದು ಡಬ್ಬಿ ಹಲಗಿ ಮ್ಯಾಲ ಇಡಾಕ ನಾಲ್ಕು ಮಂದಿ ಯಾಕ್ರೀ? ದಿಂಡಿ ಹೊಂಟೀರೇನು ಪಂಢರಪುರಕ್ಕ?"

ಡಬ್ಬಿಯನ್ನು ಗೋಡೆಯ ಹಲಗೆಯ ಮೇಲಿಟ್ಟು, ತಾಪ ದಾಖಲಿಸುವ ಸಣ್ಣ ಯಂತ್ರವನ್ನು ಪಕ್ಕದ ಮೊಳೆಗೆ ತೂಗುಹಾಕಿದೆ. ಶಾಂತಮ್ಮನಿಗೆ ಮಾಡಬೇಕಾದ್ದನ್ನು ನಾನು ಓದಿ ಹೇಳಿದೆ. ಹೇಳಿದೆ ಎಂದರೆ, ನಾನೇ ಬರೆದ ಸೂಚನಾ ಪತ್ರವನ್ನು ಓದಿದೆ: "ಸೀಸೆಗಳನ್ನು ಶೀತಲ ಸರಪಳಿಯ ಹೊರಗೆ, ಕೊಠಡಿಯ ಸಹಜ ತಾಪಮಾನದಲ್ಲಿ ಸಂಗ್ರಹಿಸತಕ್ಕದ್ದು. ಡಬ್ಬಿಯನ್ನು ತೆರೆಯತಕ್ಕದ್ದಲ್ಲ." ಶಾಂತಮ್ಮ ತಲೆ ಆಡಿಸಿದರು. ತಲೆ ಆಡಿಸಿದ್ದನ್ನು ಅರ್ಥವಾಯಿತೆಂದು ತಿಳಿದುಕೊಳ್ಳುವುದು ಓದಿದವರ ಹಳೆಯ ರೋಗ. ಅದಕ್ಕಿನ್ನೂ ಲಸಿಕೆ ಬಂದಿಲ್ಲ.

ತಿಂಗಳಿಗೊಮ್ಮೆ ಹೋಗಿ ಯಂತ್ರದ ಅಂಕಿಗಳನ್ನು ಬರೆದುಕೊಂಡು ಬಂದೆ. ಮಧ್ಯಾಹ್ನದ ಅಂಕಿಗಳನ್ನು ನೋಡಿದರೆ ಸೀಸೆಗಳ ಬಗ್ಗೆ ಕನಿಕರ ಬರುತ್ತಿತ್ತು. ಡಬ್ಬಿ ತೆರೆಯಬಾರದೆಂಬುದು ನನ್ನದೇ ನಿಯಮ. ಅದನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ.

ಜೂನ್‌ನಲ್ಲಿ ಡಬ್ಬಿ ವಾಪಸು ಬಂತು. ಸೀಸೆಗಳೊಳಗಿನ ಬಿಲ್ಲೆಗಳನ್ನು ನೀರಿನಲ್ಲಿ ಕರಗಿಸಿ, ಮರಿಯಾಗುತ್ತಿರುವ ಮೊಟ್ಟೆಗಳಿಗೆ ಚುಚ್ಚಿ ನೋಡಿದೆವು. ಜೀವಂತ ವೈರಾಣು ಅಲ್ಲಿ ಬೆಳೆಯುತ್ತದೆ, ಸತ್ತದ್ದು ಬೆಳೆಯುವುದಿಲ್ಲ. ಎಲ್ಲ ಸೀಸೆಯೂ ಬದುಕಿತ್ತು. ಫ್ರಿಜ್ಜಿನಲ್ಲಿದ್ದವಕ್ಕೂ ತಗಡಿನ ಕೆಳಗಿದ್ದವಕ್ಕೂ ಕೂದಲೆಳೆಯ ವ್ಯತ್ಯಾಸ. ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ವರದಿಯ ಮೊದಲ ಪುಟದಲ್ಲಿ ನನ್ನ ಹೆಸರು ಇರುವುದಿತ್ತು. ಅಂಥ ಹೊತ್ತಿನಲ್ಲಿ ಅನುಮಾನಗಳು ಬಹಳ ನಾಚಿಕೆಯ ಸ್ವಭಾವದವಾಗುತ್ತವೆ.

ನಿರ್ದೇಶಕರು ಪೇಢೆ ತರಿಸಿದರು. ಕೋಟು ಇಸ್ತ್ರಿಗೆ ಹೋಯಿತು.

ಕಾಕಾ ಪೇಢೆ ಮುಟ್ಟಲಿಲ್ಲ. ಕಮಲಾಪುರದಿಂದ ಬಂದದ್ದರಲ್ಲಿ ಉಳಿದ ಒಂದು ಸೀಸೆಯನ್ನು ಕಿಟಕಿಯ ಬಳಿ ಒಯ್ದು, ಬಿಲ್ಲೆಯನ್ನು ನೋಡಿದರು. ಆಮೇಲೆ ಸೀಸೆಗೆ ಅಂಟಿಸಿದ ಕಾಗದದ ಚೀಟಿಯನ್ನು. ಬಹಳ ಹೊತ್ತು ಅದನ್ನೇ.

"ಎಮ್ಮೆಸ್ಸಿ, ಬರ್ರಿ ಇಲ್ಲೆ. ಮೂರು ತಿಂಗಳು ತಗಡಿನ ಬುಡಕ ಇದ್ದ ಕಾಗದ ಹ್ಯಾಂಗ ಆಗ್ತದ?"

"ಒಣಗುತ್ತದೆ."

"ಒಣಗಿ?"

"ಅಂಚು ಸುರುಳಿ ಆಗುತ್ತದೆ. ಹಳದಿಯಾಗುತ್ತದೆ."

"ಇದು ಉಬ್ಬ್ಯಾದ. ಮಸಿ ಹರಡ್ಯಾದ." ಅಲ್ಯುಮಿನಿಯಂ ಮುಚ್ಚಳದ ಅಂಚಿಗೆ ಉಗುರು ಹಾಕಿ ಗೀರಿದರು. ಅಂಗೈ ಮೇಲೆ ನಾಲ್ಕು ಹರಳು ಉಸುಕು ಬಿತ್ತು. "ಈ ಸೀಸೆ ಬಿಸಿಲು ಕಂಡಿಲ್ರೀ. ಇದು ಥಂಡ ಹವಾ ತಿನ್ನಾಕ ಮಹಾಬಳೇಶ್ವರಕ್ಕ ಹೋಗಿ ಬಂದದ."

ಮರುದಿನ ಬಸ್ಸು ಹಿಡಿದು ಇಬ್ಬರೂ ಕಮಲಾಪುರಕ್ಕೆ ಹೋದೆವು. ಶಾಂತಮ್ಮ ಕೋಳಿಗಳಿಗೆ ನುಚ್ಚು ಚೆಲ್ಲುತ್ತಿದ್ದರು. ನನ್ನನ್ನು ಕಂಡು ನಕ್ಕರು, ಕಾಕಾ ಅವರನ್ನು ಕಂಡು ಸೆರಗು ಸರಿಮಾಡಿಕೊಂಡರು.

"ಬರ್ರಿ ಸಾಹೇಬ್ರ. ಎಷ್ಟು ವರ್ಷ ಆತು ನೋಡಿ. ಕೂಡ್ರಿ, ಚಾ ಇಡ್ತೀನಿ."

ಕಾಕಾಗೆ ಅವರ ಗುರುತು ಸಿಗಲಿಲ್ಲ. ಗುರುತು ಹಚ್ಚುವ ಗೋಜಿಗೂ ಹೋಗಲಿಲ್ಲ. "ಚಾ ಇರ್ಲಿ ತಂಗಿ. ಸೀಸೆ ಎಲ್ಲಿಟ್ಟಿದ್ದಿ?"

"ಅಲ್ಲೇರಿ, ಹಲಗಿ ಮ್ಯಾಲ."

"ಡಬ್ಬಿ ಎಲ್ಲಿತ್ತು ಅಂತ ಕೇಳಿಲ್ಲ ನಾ. ಸೀಸೆ."

ಶಾಂತಮ್ಮ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಹೆದರಿಕೆ ಇರಲಿಲ್ಲ. ನನ್ನ ಮಾನ ಕಾಯಬೇಕೋ ಬೇಡವೋ ಎಂಬ ಯೋಚನೆ ಇತ್ತು. ಆಮೇಲೆ ಅಡುಗೆಮನೆಗೆ ಕರೆದೊಯ್ದರು. ಮೂಲೆಯಲ್ಲಿ ಕುಡಿಯುವ ನೀರಿನ ದೊಡ್ಡ ಮಣ್ಣಿನ ಹರವಿ, ಅದರ ಬುಡಕ್ಕೆ ಹಸಿ ಉಸುಕು. ಉಸುಕಿನಲ್ಲಿ ಒಂದು ಗುಂಡಗಿನ ಕುಳಿ ಇನ್ನೂ ಹಾಗೇ ಇತ್ತು.

"ಹಸಿ ಅರಿವಿಯಾಗ ಸುತ್ತಿ ಇಲ್ಲಿಟ್ಟಿದ್ದೆ. ಈ ಮೇಡಮ್ಮೋರು ಎಲ್ಲಾ ಬಿಟ್ಟು ಆ ಸುಡೋ ತಗಡಿನ ಬುಡಕ ಇಟ್ಟು ಹೋದ್ರು. ನಾ ಅಂದೆ, ಓದಿದ ಹುಡುಗಿ, ಅವಸರದಾಗ ಮರ್ತದ. ಔಷಧ ಸತ್ರ ಪಾಪ ಇಕಿ ನೌಕರಿ ಹೋಗ್ತದ. ದಿನಾ ಎರಡು ಸಲ ಅರಿವಿ ಹಸಿ ಮಾಡೀನ್ರೀ, ಒಂದು ದಿನ ತಪ್ಸಿಲ್ಲ. ತಂಗಿ ಮಗಳ ಲಗ್ನಕ್ಕೂ ಹೋಗ್ಲಿಲ್ಲ. ನೀವು ಡಬ್ಬಿ ಒಯ್ಯಾಕ ಬರೋ ದಿನ ಮುಂಜಾನೆ ಎಲ್ಲಾ ಒರೆಸಿ ಡಬ್ಬ್ಯಾಗ ತುಂಬಿದೆ."

ಕಾಕಾ ಅವರ ಧ್ವನಿ ಏರಿತು. "ತಂಪಿಗೆ ಇಡು ಅಂತ ನಿನಗ ಯಾವ ಶಾಣ್ಯಾ ಹೇಳಿದ?"

"ನೀವಽ ಹೇಳಿದ್ರಲ್ರೀ."

ಹೊರಗೆ ಒಂದು ಕೋಳಿ ಕೂಗುತ್ತಿತ್ತು. ಶಾಂತಮ್ಮ ಮುಂದುವರಿಸಿದರು, ತಪ್ಪೊಪ್ಪಿಗೆಯಂತಲ್ಲ, ಪಾಠ ಒಪ್ಪಿಸುವ ಮಗುವಿನಂತೆ.

"ಪಶು ದವಾಖಾನಿ ಫ್ರಿಜ್ ಸುಧಾರ್ಸಾಕ ಬಂದಿದ್ರಿ ನೀವು. ನಾ ಸೀಸೆ ಸೆರಗಿನಾಗ ಗಂಟು ಹಾಕ್ಕೊಂಡು ಬಿಸಿಲಾಗ ಹೊಂಟಿದ್ದೆ. ಎಲ್ಲಾರ ಮುಂದ ಬೈದ್ರಿ. ಬಿಸಿಲಿಗೆ ಹಿಡಿದ್ರ ಒಳಗಿನ ಜೀವ ಸಾಯ್ತದ, ಸತ್ತ ಔಷಧ ಹಾಕಿದ್ರ ಕೋಳಿಗೆ ಸುಳ್ಳು ಹೇಳಿದಂಗ ಅಂದ್ರಿ. ಫ್ರಿಜ್ ಇಲ್ಲಂದ್ರ ಹರವಿ ಬುಡಕ ಇಡು ಅಂದ್ರಿ. ಅವತ್ತಿಂದ ಹಂಗಽ ಇಡ್ತೀನಿ."

ಕಾಕಾ ಗೋಡೆಗೆ ಒರಗಿ ಕುಳಿತುಬಿಟ್ಟರು. ಕೊನೆಗೆ, "ಚಾ ಇಡವಾ" ಎಂದರು. ತಿರುಗಿ ಬರುವಾಗ ಮಹಾಗಾಂವ ಕ್ರಾಸಿನವರೆಗೆ ಕಿಟಕಿಯ ಹೊರಗೇ ನೋಡುತ್ತಿದ್ದರು. ಕ್ರಾಸ್ ದಾಟಿದ ಮೇಲೆ, "ಚಾ ಛಲೋ ಮಾಡಿದ್ಲು" ಎಂದರು. ಅಷ್ಟೇ.

ಸೀಸೆಗಳು ತಂಪಿನಲ್ಲಿದ್ದುದರ ಅರ್ಥ ನಮ್ಮಿಬ್ಬರಿಗೂ ಗೊತ್ತಿತ್ತು. ಬೇಸಿಗೆ ಮುಗಿದಿತ್ತು. ಪರೀಕ್ಷೆಯನ್ನು ಮತ್ತೆ ಮಾಡಬೇಕೆಂದರೆ ಮುಂದಿನ ಹೋಳಿಗೆ ಕಾಯಬೇಕು; ಆಗ ಯಂತ್ರದ ಬಳಿ ಕಾಕಾ ಇರುವುದಿಲ್ಲ. ಬಾಯಿ ಮುಚ್ಚಿಕೊಂಡರೆ ಅವರು ಬದುಕಿ ಬಂದ ಸೀಸೆಯನ್ನು ಕಂಡೇ ಮನೆಗೆ ಹೋಗಬಹುದಿತ್ತು, ಚಪ್ಪಾಳೆಯ ಜೊತೆಗೆ.

ನಿರ್ದೇಶಕರು ಎಲ್ಲವನ್ನೂ ಕೇಳಿಕೊಂಡರು. ಕೇಳಿಕೊಂಡು, "ವೈರಾಣು ಬದುಕಿದ್ದಂತೂ ಸುಳ್ಳಲ್ಲವಲ್ಲ?" ಎಂದರು. ಆಮೇಲೆ ತಾವೇ ಇನ್ನೊಂದು ದಾರಿ ಹುಡುಕಿದರು. ಅಷ್ಟು ಬರೆಯಲೇಬೇಕೆಂದರೆ ಒಂದು ಸಾಲು ಬರೆಯಿರಿ, 'ಸ್ಥಳೀಯ ಮಹಿಳೆಯ ಅಜ್ಞಾನದಿಂದಾಗಿ ಕೆಲವು ಸೀಸೆಗಳ ಸಂಗ್ರಹಣೆಯಲ್ಲಿ ವ್ಯತ್ಯಯ' ಎಂದು; ಅಂಕಿಗಳು ಹಾಗೇ ಇರಲಿ.

ಕೆಲವು ಅಲ್ಲ, ಎಲ್ಲ ಎಂದು ನಾನು ಹೇಳಬೇಕಿತ್ತು. ಅಂಥ ಕ್ಷಣಗಳಲ್ಲಿ ನನ್ನ ಮಾತು ಗಂಟಲಿಗೆ ಬರುವ ಹೊತ್ತಿಗೆ ಸಭೆ ಮುಗಿದಿರುತ್ತದೆ. ಕಾಕಾ ಎದ್ದು ನಿಂತರು.

"ಅಜ್ಞಾನ ಯಾರದ್ರೀ ಸಾಹೇಬ್ರ? ಮೂವತ್ತು ವರ್ಷ ಈ ಜಿಲ್ಲಾ ತುಂಬ ಗಂಟಲು ಹರ್ಕೊಂಡೀನಿ. ಡಾಕ್ಟರಿಗೆ ಹೇಳೀನಿ, ಕಂಪೌಂಡರಿಗೆ ಹೇಳೀನಿ, ನಿಮ್ಮಂಥ ಸಾಹೇಬ್ರಿಗೆ ಹೇಳೀನಿ. ಎಲ್ಲಾರೂ ಹೂಂ ಅಂದು ಮೊಸರು ಇಟ್ಟಾರ. ನಾ ಹೇಳಿದ್ದು ಕೇಳಿ, ಹೇಳಿದಂಗ ನಡದಾಕಿ ಆಕಿ ಒಬ್ಬಾಕಿ. ಆಕಿಗೆ ಅಜ್ಞಾನ ಅಂತೀರಿ?"

"ಹಾಗಾದರೆ ಏನು ಬರೆಯಬೇಕು?"

"ಗುಂಡೇರಾವಂದು ತಪ್ಪು ಅಂತ ಬರೀರಿ."

ಹೊರಗೆ ಬಂದ ಮೇಲೆ ನನಗೆ ಹೇಳಿದ್ದು ಇನ್ನೂ ಕಡಿಮೆ: "ವರದಿ ಮ್ಯಾಲ ನಿಮ್ಮ ಹೆಸರದ. ನನ್ನ ಕೇಳಬ್ಯಾಡ್ರಿ. ಕೇಳಿ ಬರೆದದ್ದು ಪರೀಕ್ಷಾದಾಗ ನಡೀತದ."

ಎರಡು ದಿನ ಬರೆದೆ, ಅಳಿಸಿದೆ. ನನ್ನ ನೌಕರಿ ಕಾಯಂ ಆಗುವುದು ಆ ವರದಿಯ ಮೇಲಿತ್ತು. ಅದನ್ನು ಮರೆತು ಬರೆದೆನೆಂದು ಹೇಳಿದರೆ ಅದೂ ಸತ್ಯಕ್ಕೆ ಸುತ್ತಿದ ಇನ್ನೊಂದು ಹಸಿ ಅರಿವೆಯೇ. ಕೊನೆಗೆ ಉಳಿದದ್ದು ಮೂರು ಸಾಲು. ಸೀಸೆಗಳು ಉದ್ದೇಶಿತ ತಾಪದಲ್ಲಿ ಇರಲಿಲ್ಲ, ಆದ್ದರಿಂದ ಈ ಅಂಕಿಗಳಿಂದ ಏನೂ ಸಿದ್ಧವಾಗುವುದಿಲ್ಲ. ಸೀಸೆಗಳ ಹೊಣೆ ಹೊತ್ತವರು, ಯಂತ್ರ ನಿರ್ವಾಹಕ ಗುಂಡೇರಾವ್ ಹಿಂದೊಮ್ಮೆ ಕೊಟ್ಟ ಸರಿಯಾದ ಸೂಚನೆಯನ್ನು ಪಾಲಿಸಿದ್ದರು. ಹೊಸ ಸೂಚನೆಯನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಕೊಡಲಾಗಿರಲಿಲ್ಲ.

ಕಾಕಾ ಅದನ್ನು ಕನ್ನಡಕ ಹಣೆಗೇರಿಸಿ ಓದಿದರು. "ಎರಡನೇದು ನಂದು. 'ಸರಿಯಾದ' ಅಂತ ಯಾಕ ಹಾಕೀರಿ, ಇರ್ಲಿ. ಮೂರನೇದು ಯಾರು ಬರಿ ಅಂದ್ರು?"

"ಯಾರೂ ಅನ್ನಲಿಲ್ಲ."

"ಹ್ಞಾಂ" ಎಂದು ಕಾಗದ ವಾಪಸು ಕೊಟ್ಟರು.

ಅವರು ಅಲ್ಲಿದ್ದ ಐದು ವರ್ಷಗಳಲ್ಲಿ ಹೊರಬಂದ ವರದಿಗಳನ್ನೆಲ್ಲ ನಾನು ತೆಗೆದು ನೋಡಿದ್ದೇನೆ. ನಿರ್ದೇಶಕರ ಹೆಸರಿದೆ, ಬಂದುಹೋದ ಅತಿಥಿಗಳ ಹೆಸರಿದೆ, ಪೇಢೆ ತಿಂದವರ ಹೆಸರೂ ಇದೆ. ಗುಂಡೇರಾವ್ ಎಂಬ ಹೆಸರು ಬರುವುದು ಈ ಒಂದೇ ಕಡೆ.

ಆಕಾಶ ಬೀಳಲಿಲ್ಲ. ಹಣ ಕೊಡುವವರು ವರದಿ ಓದಿ ಇನ್ನೊಂದು ವರ್ಷ ಕೊಟ್ಟರು. ನಿರ್ದೇಶಕರು ಅದನ್ನು ತಮ್ಮ ಪ್ರಾಮಾಣಿಕತೆಗೆ ಸಿಕ್ಕ ಮನ್ನಣೆಯೆಂದು ಹೇಳಿಕೊಂಡು ತಿರುಗಿದರು. ನಾನು ಮಾತ್ರ ಆ ವರ್ಷ ಕಾಯಂ ಆಗಲಿಲ್ಲ. ಜೂನ್ ಕೊನೆಗೆ ಕಾಕಾ ಅವರಿಗೆ ಶಾಲು ಹೊದಿಸಿ ಬೀಳ್ಕೊಡುವ ಮಾತು ಬಂತು. "ಈ ಧಗಿಯಾಗ ಶಾಲು ಯಾರ ಹೊದೀತಾರ್ರೀ? ತಲಿ ಕೆಟ್ಟದೇನು?" ಎಂದವರೇ ಪಂಪಿನ ಎಣ್ಣೆ ಬದಲಾಯಿಸಿ, ಕೈ ತೊಳೆದು, ಹೊರಟುಹೋದರು.

ಮುಂದಿನ ಹೋಳಿಗೆ ನಾನೊಬ್ಬಳೇ ಕಮಲಾಪುರಕ್ಕೆ ಹೋದೆ. ಈ ಸಲ ಕಾಗದ ಒಯ್ಯಲಿಲ್ಲ. ಈ ಔಷಧ ಬಿಸಿಲಿಗೆ ತಡೆಯುತ್ತದೋ ಇಲ್ಲವೋ ನೋಡಬೇಕಾಗಿದೆ, ನಿಮ್ಮ ಬಿಸಿಲೇ ನಮಗೆ ಪರೀಕ್ಷೆ, ಸತ್ತರೆ ಸಾಯಲಿ ಎಂದು ಹೇಳಿದೆ.

"ಸಾಯಲಿ ಅಂತ ಇಡಬೇಕೇನ್ರೀ?" ಶಾಂತಮ್ಮನಿಗೆ ಸಂಕಟವಾಯಿತು. ಆಮೇಲೆ ಕೇಳಿದರು, "ಸಾಹೇಬ್ರಿಗೆ ಗೊತ್ತದೇನು ಇದು?"

"ಗೊತ್ತು."

"ಹಂಗಿದ್ರ ಇಡ್ತೀನಿ."

ಜೂನ್‌ನಲ್ಲಿ ಡಬ್ಬಿ ಬಂತು. ಮೊಟ್ಟೆಗಳ ಪರೀಕ್ಷೆ ಮುಗಿದ ದಿನ ಸಂಜೆ ಜೇವರ್ಗಿ ಕಾಲೋನಿಗೆ ಹೋದೆ. ಪಡಸಾಲೆಯ ತುಂಬ ಕಟ್ಟಿದ ಗಂಟುಗಳು, ರಟ್ಟಿನ ಪೆಟ್ಟಿಗೆಗಳು. ಮಗಳ ಮನೆಗೆ, ಸೊಲ್ಲಾಪುರಕ್ಕೆ, ಹೊರಟಿದ್ದರು. ಅವರ ಹೆಂಡತಿ, ಕಾಕು, ನನಗೆ ಕೂರಲು ಜಾಗ ಮಾಡಿಕೊಟ್ಟು ಒಳಗೆ ಹೋದರು. ಕಾಕಾ ಒಂದು ಪೆಟ್ಟಿಗೆಯ ಮೇಲೆ ಕುಳಿತಿದ್ದರು, ವರ್ಷದಲ್ಲಿ ಇಳಿದಿದ್ದರು. ಯೋಗಕ್ಷೇಮ ಕೇಳಲಿಲ್ಲ.

"ಎಷ್ಟು ಸತ್ತು?"

ಎಷ್ಟು ಬದುಕಿದವು ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅರ್ಧಕ್ಕಿಂತ ಹೆಚ್ಚು ಬದುಕಿದ್ದವು. ಆದರೆ ಕೇಳಿದ್ದು ಅದಲ್ಲ. ಮೂರರಲ್ಲಿ ಒಂದು ಭಾಗ ಸತ್ತಿವೆ ಎಂದೆ.

ಅವರ ಮುಖ ಸಡಿಲಾಯಿತು. ಆ ಮುಖದಲ್ಲಿ ಸಂತೋಷ ಹೇಗೆ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ, ಅದಕ್ಕೇ ತಡವಾಗಿ ತಿಳಿಯಿತು. "ಸತ್ತಾವ ಅಂದ್ರ ಆಕಿ ಖರೇನಽ ಬಿಸಿಲಿಗೆ ಇಟ್ಟಾಳ" ಎಂದರು. "ಉಳದವು ಖರೇನಽ ಉಳದಾವ."

ನಾನು ತಂದಿದ್ದ ಸೀಸೆಯನ್ನು ಕೊಟ್ಟೆ. ಚೀಟಿಯ ಅಂಚು ಸುರುಳಿಯಾಗಿ, ಮುಟ್ಟಿದರೆ ಮುರಿಯುವಂತಿತ್ತು. ಅವರು ಅದನ್ನು ಹೆಚ್ಚು ಹೊತ್ತು ನೋಡಲಿಲ್ಲ.

"ಸತ್ತವು ತಟ್ಟ್ಯಾಗ ಎಲ್ಲಿದ್ದವು? ಅಂಚಿಗೋ ನಡುವೋ?"

ಯಂತ್ರದಲ್ಲಿ ಪ್ರತಿ ಸೀಸೆ ಕುಳಿತ ಜಾಗವನ್ನು ಬರೆದಿಡುವ ರೂಢಿ ಅವರೇ ಹಾಕಿಕೊಟ್ಟದ್ದು. ಚೀಲದಲ್ಲಿದ್ದ ಆ ಪುಸ್ತಕ ತೆಗೆದು ನೋಡಿದೆ. ಸತ್ತವು ಹೆಚ್ಚು ಕಡಿಮೆ ಎಲ್ಲವೂ ತಟ್ಟೆಯ ನಡುವಿನವು.

"ಅಂಚಿನವು ಜಲ್ದಿ ಒಣಗ್ತಾವ. ನಡುವಿನವು ಒಳಗ ಹಸಿ ಉಳ್ಕೊಂಡಾವ. ಹಸಿ ಇದ್ದದ್ದಽ ಬಿಸಿಲಿಗೆ ಸಾಯ್ತದ. ಇನ್ನ ಐದು ತಾಸು ಒಣಗಸ್ರಿ." ಎದ್ದು ಒಂದು ಗಂಟಿನ ಹಗ್ಗ ಎಳೆದು ಬಿಗಿ ಮಾಡತೊಡಗಿದರು. "ಮತ್ತ ಪಂಪಿಗೆ ಆ ಅಗ್ಗದ ಎಣ್ಣಿ ಹಾಕಬ್ಯಾಡ್ರಿ. ನಡೀರಿ ಇನ್ನ, ನಮಗ ಕೆಲಸ ಭಾಳ ಅದ."

ಆ ವಾರವೇ ಅವರು ಊರು ಬಿಟ್ಟರು. ಮಳೆಗಾಲ ಕಳೆಯುವ ಮೊದಲೇ ಸೊಲ್ಲಾಪುರದಲ್ಲಿ ತೀರಿಕೊಂಡ ಸುದ್ದಿ ಬಂತು. ಅದೂ ನಮ್ಮ ಆಫೀಸಿಗಲ್ಲ, ಅವರಿಗೆ ಪಂಪಿನ ಬಿಡಿಭಾಗ ಕೊಡುತ್ತಿದ್ದ ಅಂಗಡಿಯವನಿಗೆ.

ನಡುವಿನ ಸೀಸೆಗಳಿಗೆ ಐದು ತಾಸು ಸಾಲಲಿಲ್ಲ. ಏಳು ಬೇಕಾಯಿತು. ಇದನ್ನು ಹೇಳಿದ್ದರೆ ನನ್ನ ಗಡಿಯಾರವನ್ನು ಬೈಯುತ್ತಿದ್ದರು.